ತಂಗಡಿ ಹೂವಿನ ಪರೀಕ್ಷೆಗೆ ಮುಂಚೆ

ಶಿರಾ

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಂ.ಎಸ್‌ಸಿ. ಪ್ರಾಜೆಕ್ಟಿಗೆ ನೀನು ತಂಗಡಿ ಹೂವು ಆರಿಸಿಕೊಂಡಿದ್ದೀಯ, ಅದರ ಸಾರ ಉರಿಯೂತ ಇಳಿಸುತ್ತದಾ ಅಂತ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ನೋಡುತ್ತೀಯ ಅಂತ ನಿಮ್ಮಪ್ಪ ಹೇಳಿದ. ಬಹಳ ಖುಷಿಯಾಯಿತು. ಹೊಲದ ಬದು, ಕೆರೆ ಏರಿ, ಎಲ್ಲಿ ನೋಡಿದರೂ ಹಳದಿ ಹೂ ಬಿಟ್ಟು ನಿಲ್ಲುವ ಗಿಡ. ಆವರಿಕೆ ಅಂದರೂ ಅದೇ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು.

ಹೂವು ನಮ್ಮ ಬದುವಿನದೇ ತಗೋ. ಟೊಮೆಟೊ ತೋಟದ ಪಕ್ಕದ್ದಂತೂ ಬೇಡವೇ ಬೇಡ. ಅಲ್ಲಿ ಹೊಡೆದ ಔಷಧಿ ಇದರ ಮೇಲೂ ಬಿದ್ದಿರುತ್ತದೆ, ಆಮೇಲೆ ಕೋಶ ಸತ್ತಿದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ನೆರಳಲ್ಲೇ ಒಣಗಿಸು.

ಇನ್ನು ಮುಖ್ಯ ವಿಷಯ. ನೀವು ಬಳಸುವ ‘ರಾ 264.7’ ಅನ್ನುವವು ಇಲಿಯ ಮ್ಯಾಕ್ರೋಫೇಜ್ ಕೋಶಗಳು, ಅಂದರೆ ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳು. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಲ್‌ಪಿಎಸ್ ಹಾಕಿ ಕೆರಳಿಸಿದರೆ ನೈಟ್ರಿಕ್ ಆಕ್ಸೈಡ್, ಟಿಎನ್‌ಎಫ್ ಆಲ್ಫಾ, ಐಎಲ್-6 ಅನ್ನುವ ಉರಿಯೂತದ ವಸ್ತುಗಳನ್ನು ಬಿಡುತ್ತವೆ. ಆ ನೈಟ್ರಿಕ್ ಆಕ್ಸೈಡ್ ನೈಟ್ರೈಟ್ ಆಗಿ, ನೈಟ್ರೈಟ್ ಪತ್ತೆ ಮಾಡುವ ಗ್ರೀಸ್ ದ್ರಾವಣ ಸೇರಿದಾಗ ಗುಲಾಬಿ ಬಣ್ಣ ಬರುತ್ತದೆ. ಪ್ಲೇಟಿನಲ್ಲಿ ಹೂವಿನ ಸಾರ ಹಾಕಿದ ಗುಂಡಿಯಲ್ಲಿ ಬಣ್ಣ ತೆಳುವಾದರೆ ಉರಿಯೂತ ಇಳಿಯಿತು ಅಂತ ಕುಣಿಯಬೇಡ. ಸತ್ತ ಕೋಶವೂ ನೈಟ್ರಿಕ್ ಆಕ್ಸೈಡ್ ಮಾಡುವುದಿಲ್ಲ, ಅಲ್ವಾ? ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಮಕ್ಕಳಿಗೆ ಇದನ್ನೇ ಹೇಳುತ್ತಿದ್ದೆ: ಮೊದಲು ಜೀವ ಇದೆಯಾ ನೋಡಿ.

ಅದಕ್ಕೆ ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕಿ ಪರೀಕ್ಷೆ ಮಾಡುತ್ತೀರಿ. ಬದುಕಿದ ಕೋಶ ಅದನ್ನು ನೇರಳೆ ಮಾಡುತ್ತದೆ. ಆದರೆ ತಂಗಡಿಯಲ್ಲಿ ಒಗರು, ಪಾಲಿಫಿನಾಲ್ ಜಾಸ್ತಿ. ಅಂಥವು ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಹಾಗಾಗಿ ಬರೀ ಸಾರ ಹಾಕಿದ, ಕೋಶವಿಲ್ಲದ ಕೆಲವು ಗುಂಡಿಗಳನ್ನು ಇಟ್ಟುಕೋ. ಕೋಶಕ್ಕೆ ಬರೀ ಡಿಎಂಎಸ್‌ಒ (ಸಾರ ಕರಗಿಸುವ ದ್ರವ) ಹಾಕಿದವೂ ಇರಲಿ. ಪ್ಲೇಟನ್ನು ಮೈಕ್ರೋಸ್ಕೋಪಿನಲ್ಲಿ ನೀನೇ ನೋಡು. ಚೆನ್ನಾಗಿರುವ ಕೋಶ ತಳ ಹಿಡಿದಿರುತ್ತದೆ, ಸತ್ತದ್ದು ಬಿಟ್ಟು ತೇಲುತ್ತದೆ. ಯಂತ್ರ ಕೊಡುವ ಅಂಕಿಗಿಂತ ಈ ನೋಟವನ್ನು ನಾನು ಹೆಚ್ಚು ನಂಬುತ್ತೇನೆ.

ಬಣ್ಣ ತೆಳುವಾಗದಿದ್ದರೆ ಹಾಗೆಯೇ ಬರಿ. ಗೈಡ್ ಬೇಸರ ಮಾಡಿಕೊಂಡಾರು ಅಂತ ಒಂದು ಗುಂಡಿಯನ್ನೂ ಲೆಕ್ಕದಿಂದ ಬಿಡಬೇಡ.

ನಿಮ್ಮಜ್ಜಿ ಮಂಡಿ ಊತಕ್ಕೆ ಈ ಹೂವಿನ ಕಷಾಯ ಕುಡಿಯಲಾ ಅಂತ ಈಗಲೇ ಶುರು ಮಾಡಿದ್ದಾಳೆ. ಹೂಂ ಅನ್ನಬೇಡ. ಪ್ಲೇಟಿನಲ್ಲಿ ಸಾರ ನೇರವಾಗಿ ಕೋಶಕ್ಕೆ ಸಿಗುತ್ತದೆ. ಕುಡಿದದ್ದು ಹೊಟ್ಟೆ, ಲಿವರ್ ದಾಟಿ ರಕ್ತಕ್ಕೆ ಎಷ್ಟು ಸೇರುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಮೇಲಾಗಿ ಅವಳು ಶುಗರ್ ಮಾತ್ರೆ ತಗೊಳ್ಳುತ್ತಾಳೆ. ಈ ಹೂವು ಸಕ್ಕರೆ ಇಳಿಸುವುದನ್ನು ಇಲಿಗಳಲ್ಲಿ ನೋಡಿದ್ದಾರೆ. ಎರಡೂ ಸೇರಿ ಸಕ್ಕರೆ ತೀರಾ ಕುಸಿದರೆ ಕಷ್ಟ. ನನ್ನ ಮಾತು ಕೇಳುವುದಿಲ್ಲ, ನೀನೇ ಫೋನ್ ಮಾಡಿ ಹೇಳು.

ಇಂತಿ,
ನಿನ್ನ ದೊಡ್ಡಪ್ಪ