ಕನ್ನಡ ರಾಕ್‌ಗೂ ವೇದಿಕೆ ಬೇಕು

ಮಾನ್ಯರೇ,

ಕಾಸರಗೋಡಿನಲ್ಲಿ ಕನ್ನಡದಲ್ಲೇ ರಾಕ್ ಹಾಡು ಕಟ್ಟುವ ಯುವಕರಿಗೆ ಊರಿನಲ್ಲಿ ವೇದಿಕೆಯೇ ಸಿಗುತ್ತಿಲ್ಲ. ನಮ್ಮ ಸಮೀಪದ ಮೂವರು ಹುಡುಗರು ಅಡಿಕೆ ತುಂಬಿಡುವ ಕೋಣೆಯಲ್ಲಿ, ಪ್ರತಿಧ್ವನಿ ತಗ್ಗಲೆಂದು ಗೋಡೆಗೆ ಮೊಟ್ಟೆ ಟ್ರೇ ಬಡಿದು, ಗಿಟಾರ್, ಬೇಸ್, ಡ್ರಮ್ಸ್ ಅಭ್ಯಾಸ ಮಾಡುತ್ತಾರೆ. ಅವರ ಒಂದು ಹಾಡು ಚೆಂಡೆಯ ಉರುಳಿಕೆಯಿಂದಲೇ ಶುರುವಾಗುತ್ತದೆ; ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲದಲ್ಲಲ್ಲದೆ ಅದು ಬೇರೆಲ್ಲಿ ಹುಟ್ಟೀತು! ಆದರೂ ಸಂಘಟಕರು ಇದನ್ನು ಬರೀ ಗದ್ದಲವೆಂದು ದೂರವಿಡುತ್ತಾರೆ. 'ಅವಿಯಲ್' ತಂಡ 2008ರಲ್ಲೇ ಮಲಯಾಳದಲ್ಲಿ ರಾಕ್ ಆಲ್ಬಂ ತಂದು ಮನೆಮಾತಾಯಿತು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವ ಈ ಹುಡುಗರು ಹಾಡಿಗೆ ಕನ್ನಡವನ್ನೇ ಆರಿಸಿಕೊಂಡಿರುವಾಗ ನಾವು ಬೆನ್ನು ತಟ್ಟಬೇಡವೇ?

ಮಂಜೇಶ್ವರದಲ್ಲಿರುವ ಕವಿ ಗೋವಿಂದ ಪೈ ಸ್ಮಾರಕ 'ಗಿಳಿವಿಂಡಿ'ನಲ್ಲಿ ವರ್ಷಕ್ಕೊಂದು ಸಂಜೆಯನ್ನು ಇಂಥ ತಂಡಗಳಿಗೆ ಮೀಸಲಿಡಲಿ. ಧ್ವನಿವರ್ಧಕ, ಡ್ರಮ್ ಸೆಟ್‌ಗಳ ಬಾಡಿಗೆಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ನೆರವಾಗಲಿ.

– ಓದುಗ, ಬದಿಯಡ್ಕ