ಫ್ಯೂಯಾಂ ಪಕ್ಷವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ

ಮಾನ್ಯ ಸಂಪಾದಕರೇ,

ಬಾಸ್ಟೀಲ್ ದಿನದ ನಿಮಿತ್ತ ತಮ್ಮ ಪತ್ರಿಕೆಯಲ್ಲಿ ಫ್ರೆಂಚ್ ಕ್ರಾಂತಿಯ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಕ್ರಾಂತಿಕಾಲದ ಉಗ್ರ ರಾಜಕೀಯ ಕ್ಲಬ್ಬಿನವರಾದ ಜಾಕೊಬಿನರ ಬಗ್ಗೆ ವಿವರವಾಗಿ ಬರೆದಿರುವ ಲೇಖಕರು, ಫ್ಯೂಯಾಂ ಪಕ್ಷದವರನ್ನು ಮಾತ್ರ ‘ಅರಸನ ಬಾಲಬಡುಕರು’ ಎಂದು ಕರೆದು ಮುಂದೆ ಸಾಗಿದ್ದಾರೆ. ಶ್ರೀರಂಗಪಟ್ಟಣದ ಫ್ರೆಂಚರ ಕ್ಲಬ್ಬಿನ ಕಥೆಯಿಂದಾಗಿ ಜಾಕೊಬಿನ್ ಎಂಬ ಹೆಸರು ನಮ್ಮ ಓದುಗರಿಗೆ ಪರಿಚಿತ. ಜಾಕೊಬಿನರಿಂದಲೇ ಸಿಡಿದುಹೋದ, ಅರಸನನ್ನು ಸಂವಿಧಾನದ ಚೌಕಟ್ಟಿನೊಳಗೆ ಉಳಿಸಿಕೊಳ್ಳಬಯಸಿದ ಈ ಉದಾರವಾದಿ ಪಕ್ಷದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಬಹಳ ಕಡಿಮೆ. ಆದ್ದರಿಂದಲೇ ಈ ಪತ್ರ.

1791ರ ಜೂನ್ 20ರ ರಾತ್ರಿ ಫ್ರಾನ್ಸಿನ ಅರಸ ಹದಿನಾರನೇ ಲೂಯಿ ಕುಟುಂಬಸಮೇತ ಪ್ಯಾರಿಸ್ಸಿನಿಂದ ಪಲಾಯನ ಮಾಡಿ, ಮರುದಿನ ವರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದ. ಅವನನ್ನು ಕರೆತರಲು ಸಂವಿಧಾನ ಸಭೆಯು ಕಳುಹಿಸಿದ ಮೂವರು ಪ್ರತಿನಿಧಿಗಳಲ್ಲಿ ಗ್ರೆನೋಬಲಿನ ವಕೀಲ ಬಾರ್ನಾವ್ ಒಬ್ಬ; ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಜೂನ್ ತಿಂಗಳ ಸುಡುಬಿಸಿಲಿನಲ್ಲಿ, ದಾರಿಯುದ್ದಕ್ಕೂ ನೆರೆದ ಜನರ ನಡುವೆ ಆಮೆಗತಿಯಲ್ಲಿ ಸಾಗಿದ ಆ ಗಾಡಿಯಲ್ಲಿ, ರಾಜಕುಟುಂಬದೊಡನೆ ಮೈಗೆ ಮೈ ತಾಗುವಂತೆ ಇಕ್ಕಟ್ಟಿನಲ್ಲಿ ಕುಳಿತು ಅವನು ಪ್ಯಾರಿಸ್ ತಲುಪಿದ. ಪ್ರಯಾಣದಲ್ಲಿ ರಾಣಿ ಮೇರಿ ಆಂಟೋನೆಟ್ ಜೊತೆ ಶುರುವಾದ ಮಾತುಕತೆ ಮುಂದೆ ತಿಂಗಳುಗಟ್ಟಲೆ ನಡೆದ ಗುಪ್ತ ಪತ್ರವ್ಯವಹಾರವಾಗಿ ಬೆಳೆಯಿತು. ಆದರೆ ಅವನು ರಾಣಿಗೆ ಪದೇ ಪದೇ ಹೇಳಿದ್ದು ಸಂವಿಧಾನವನ್ನು ಮನಃಪೂರ್ವಕವಾಗಿ ಒಪ್ಪಿಕೊಳ್ಳಿ ಎಂದೇ. ಬಾಲಬಡುಕನ ಮಾತು ಹೀಗಿರುವುದಿಲ್ಲ.

ಜುಲೈ 15ರಂದು ಬಾರ್ನಾವ್ ಸಭೆಯ ಮುಂದಿಟ್ಟ ಪ್ರಶ್ನೆ ನೇರವಾಗಿತ್ತು: ನಾವು ಕ್ರಾಂತಿಯನ್ನು ಮುಗಿಸುತ್ತೇವೋ, ಇಲ್ಲ ಮತ್ತೊಮ್ಮೆ ಆರಂಭಿಸುತ್ತೇವೋ? ಮರುದಿನವೇ ಅವನೂ ಅವನ ಸಂಗಡಿಗರಾದ ದ್ಯುಪೋರ್ ಮತ್ತು ಅಲೆಕ್ಸಾಂದ್ರ್ ದ ಲಾಮೆತ್ ಕೂಡ ಜಾಕೊಬಿನ್ ಕ್ಲಬ್ಬಿನಿಂದ ಹೊರಬಂದು, ಫ್ಯೂಯಾಂ ಸನ್ಯಾಸಿಗಳಿದ್ದ ಹಳೆಯ ಮಠದಲ್ಲಿ ಹೊಸ ಕ್ಲಬ್ ಕಟ್ಟಿದರು. ಆ ಕ್ಲಬ್ಬಿನಲ್ಲಿದ್ದ ಸಭೆಯ ಸದಸ್ಯರಲ್ಲಿ ಬಹುತೇಕರು ಅವರೊಡನೆ ನಡೆದರು. ಜಾಕೊಬಿನರ ಬಳಿ ಉಳಿದವರು ರೋಬೆಸ್ಪಿಯರ್, ಪೆತಿಯೋಂ ಸೇರಿದಂತೆ ಬೆರಳೆಣಿಕೆಯಷ್ಟು ಮಂದಿ. ಮರುದಿನ, ಜುಲೈ 17ರಂದು, ಶಾಂ ದ ಮಾರ್ಸ್ ಮೈದಾನದಲ್ಲಿ ಅರಸನ ವಿರುದ್ಧದ ಮನವಿಗೆ ಸಹಿ ಹಾಕಲು ಸೇರಿದ್ದ ಜನರ ಮೇಲೆ, ಫ್ಯೂಯಾಂಗಳ ಜೊತೆಗಿದ್ದ ಸೇನಾನಿ ಲಫಾಯೆತ್‌ನ ನೇತೃತ್ವದ ರಾಷ್ಟ್ರೀಯ ರಕ್ಷಕ ಪಡೆ ಗುಂಡು ಹಾರಿಸಿತು. ಆ ರಕ್ತದ ಕಲೆಯನ್ನು ಪಕ್ಷವು ಕೊನೆಯವರೆಗೂ ತೊಳೆದುಕೊಳ್ಳಲಾಗಲಿಲ್ಲ.

ಅವರ ತಪ್ಪುಗಳನ್ನು ನಾನು ಮರೆಮಾಚುತ್ತಿಲ್ಲ. ಮೂರು ದಿನದ ಕೂಲಿಯಷ್ಟು ನೇರ ತೆರಿಗೆ ಕಟ್ಟುವ, 25 ವರ್ಷ ತುಂಬಿದ ಗಂಡಸರಿಗೆ ಮಾತ್ರ ಮತದಾನದ ಹಕ್ಕು ಕೊಟ್ಟ ವ್ಯವಸ್ಥೆಯನ್ನು ಅವರು ಎತ್ತಿಹಿಡಿದರು. ವಸಾಹತುಗಳಲ್ಲಿದ್ದ ಸ್ವತಂತ್ರ ವರ್ಣೀಯರಿಗೆ (ಗುಲಾಮರಲ್ಲದ ಕರಿಯ ಹಾಗೂ ಮಿಶ್ರವರ್ಣದ ಜನರಿಗೆ) ಮೇ ತಿಂಗಳಲ್ಲಷ್ಟೇ ಕೊಟ್ಟಿದ್ದ ಹಕ್ಕನ್ನು, ಬಾರ್ನಾವ್ ಮುಂದೆ ನಿಂತು ಸೆಪ್ಟೆಂಬರ್ 24ರಂದು ಹಿಂದಕ್ಕೆ ಪಡೆಯುವಂತೆ ಮಾಡಿದ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಚೆನ್ನಾಗಿ ಮಾತನಾಡಬಲ್ಲವನು ಇದನ್ನು ಮಾಡಿದ್ದು ನನ್ನ ಮಟ್ಟಿಗೆ ಅಕ್ಷಮ್ಯ. ಲೇಖಕರು ಈ ವಿಷಯವನ್ನು ಹಿಡಿದು ಟೀಕಿಸಿದ್ದರೆ ನಾನು ಸಂಪೂರ್ಣ ಒಪ್ಪುತ್ತಿದ್ದೆ.

ಪಕ್ಷದ ಪತನಕ್ಕೆ ಎರಡು ಕಾರಣಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಸಂವಿಧಾನ ಸಭೆಯ ಸದಸ್ಯರು ಮುಂದಿನ ಶಾಸನ ಸಭೆಗೆ ಸ್ಪರ್ಧಿಸುವಂತಿಲ್ಲ ಎಂದು ರೋಬೆಸ್ಪಿಯರ್ ತಂದ ನಿರ್ಣಯದಿಂದಾಗಿ, ಅಕ್ಟೋಬರ್ 1ರಂದು ಸೇರಿದ ಹೊಸ ಸಭೆಯಲ್ಲಿ ಪಕ್ಷಕ್ಕೆ 260ಕ್ಕೂ ಹೆಚ್ಚು ಸದಸ್ಯರಿದ್ದರೂ ಅವರನ್ನು ನಡೆಸಬೇಕಾದ ನಾಯಕರೇ ಹೊರಗುಳಿದರು. ಎರಡನೆಯದು ಇನ್ನೂ ಘೋರವಾದುದು. ಸೆಪ್ಟೆಂಬರ್ 14ರಂದು ಸಂವಿಧಾನಕ್ಕೆ ಪ್ರಮಾಣ ಮಾಡಿದ ಅರಸನಿಗೆ ಅದರಲ್ಲಿ ನಂಬಿಕೆಯೇ ಇರಲಿಲ್ಲ. ರಾಣಿಯಂತೂ ಬಾರ್ನಾವ್‌ಗೆ ಒಪ್ಪಿಗೆಯ ಪತ್ರ ಬರೆಯುತ್ತಲೇ ತನ್ನ ತವರಾದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದತ್ತ ನೆರವಿಗಾಗಿ ಕೈಚಾಚಿದ್ದಳು. 1792ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾದ ಮೇಲೆ ಯುದ್ಧ ಘೋಷಣೆಯಾದ ಮೇಲೆ ನಡುದಾರಿ ಎಂಬುದು ಉಳಿಯಲಿಲ್ಲ. ಆಗಸ್ಟ್ 8ರಂದು ಕೂಡ ಲಫಾಯೆತ್‌ನನ್ನು ವಿಚಾರಣೆಗೆ ಗುರಿಪಡಿಸಲು ಶಾಸನ ಸಭೆ ಒಪ್ಪಲಿಲ್ಲ ಎಂಬುದನ್ನು ನೋಡಿದರೆ ಸಭೆಯೊಳಗೆ ಅವರ ಪ್ರಭಾವ ಸತ್ತಿರಲಿಲ್ಲ. ಎರಡೇ ದಿನದಲ್ಲಿ ಪ್ಯಾರಿಸ್ಸಿನ ಜನ ಅರಮನೆಗೆ ನುಗ್ಗಿದರು. ಬಾರ್ನಾವ್ ಬಂಧಿತನಾಗಿ, 1793ರ ನವೆಂಬರ್ 29ರಂದು ಗಿಲೊಟಿನ್‌ಗೆ ತಲೆಕೊಟ್ಟ.

ಇಷ್ಟಾಗಿಯೂ ಆ ವಿಚಾರ ಅಳಿಯಲಿಲ್ಲ. ಸೆರೆವಾಸಗಳನ್ನು ದಾಟಿ ಬದುಕುಳಿದ ಲಫಾಯೆತ್, 1830ರಲ್ಲಿ ಪ್ಯಾರಿಸ್ಸಿನ ಪುರಭವನದಲ್ಲಿ ಲೂಯಿ ಫಿಲಿಪ್‌ನನ್ನು ಜನರ ಮುಂದೆ ಅಪ್ಪಿಕೊಂಡು ಅರಸನಾಗಿಸಿದ. ಆ ಆಳ್ವಿಕೆಯಲ್ಲಿ ಮತ ಹಾಕಬೇಕಾದರೆ 200 ಫ್ರಾಂಕ್ ತೆರಿಗೆ ಕಟ್ಟಬೇಕಿತ್ತು, ಆರಂಭದಲ್ಲಿ ಮತದಾರರ ಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಲಿಲ್ಲ. 1791ರ ಸಂವಿಧಾನವಾದರೋ, ಪರೋಕ್ಷ ಚುನಾವಣೆಯ ಮೊದಲ ಹಂತದಲ್ಲಾದರೂ, ಸುಮಾರು 43 ಲಕ್ಷ ಜನರಿಗೆ ಮತ ಕೊಟ್ಟಿತ್ತು. ನಲವತ್ತು ವರ್ಷಗಳ ನಂತರ ಬಂದ ಉದಾರವಾದಿಗಳಿಗಿಂತ ಫ್ಯೂಯಾಂಗಳ ಕಾಲದ ಸಂವಿಧಾನ ಎಷ್ಟೋ ವಿಶಾಲವಾಗಿತ್ತು ಎಂಬ ಈ ಸಂಗತಿಯನ್ನು ಲೇಖಕರು ತಮ್ಮ ಮುಂದಿನ ಕಂತಿನಲ್ಲಿ ಪರಿಗಣಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಇತಿಹಾಸದ ನಿವೃತ್ತ ಅಧ್ಯಾಪಕ, ಧಾರವಾಡ