ಗುಂಡನಿಗೊಂದು ಪತ್ರ: 14 ನಂಬರಿನ ಹುಡುಗನ ವಿಷಯ

ಪ್ರೀತಿಯ ಗುಂಡ,

ನಿನ್ನ ವಾಯ್ಸ್ ನೋಟ್ ಮೂರು ಸಲ ಕೇಳಿದೆ. ಮೊದಲೆರಡು ಸಲ ನಿಮ್ಮನೆ ಮಿಕ್ಸಿ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಮೂರನೇ ಸಲಕ್ಕೆ ಪ್ರಶ್ನೆ ಕೈಗೆ ಸಿಕ್ಕಿತು: "ಒಬ್ಬ ಕ್ವಾರ್ಟರ್‌ಬ್ಯಾಕ್ ತಯಾರಾಗೋಕೆ ಎಷ್ಟು ವರ್ಷ ಬೇಕು ಮಾರಾಯ? ನಮ್ಮ ಜೆಟ್ಸ್‌ನವರಿಗೆ ಯಾಕೆ ಒಬ್ಬನೂ ದಕ್ಕಲ್ಲ?" ಜೆಟ್ಸ್ ಆಡೋ ಮೆಟ್‌ಲೈಫ್ ಕ್ರೀಡಾಂಗಣ ಇರೋದು ನೀನಿರೋ ನ್ಯೂಜೆರ್ಸಿಯಲ್ಲಿ. ಕೇಳೋದು ಶಿವಮೊಗ್ಗದಲ್ಲಿ ಸೊಳ್ಳೆ ಹೊಡೀತಾ ಕೂತಿರೋ ನನ್ನನ್ನ. ಇರಲಿ. ಉತ್ತರ ಉದ್ದ ಇದೆ, ಅದಕ್ಕೇ ಎಲ್ಲರೆದುರು ಬರೀತಿದೀನಿ. ಕೊಡೆ ವಿಷಯದಲ್ಲಿ ಮಾಡಿದ ಹಾಗೆ ಆಮೇಲೆ "ನೀ ಹೇಳೇ ಇಲ್ಲ" ಅನ್ನೋ ಹಾಗಿಲ್ಲ. (ಓದ್ತಿರೋ ಉಳಿದವರಿಗೆ: ಇದು ಅಮೆರಿಕದ ಫುಟ್‌ಬಾಲ್, ಕಾಲಿಗಿಂತ ಕೈ ಜಾಸ್ತಿ ಆಡೋದು. ಜೆಟ್ಸ್ ಅದರ ಒಂದು ತಂಡ, ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ಆಟ ನಡೆಸೋನು. ಕೊಡೆ ವಿಷಯ ಕೇಳಬೇಡಿ.)

ವರ್ಷದ ಲೆಕ್ಕ ಬಿಡು, ಹೆಜ್ಜೆ ಲೆಕ್ಕ ಹಿಡಿ. ಜನ ನೋಡೋದು ಕೈಯನ್ನ. ಅರವತ್ತು ಗಜ ಎಸೆಯೋ ಹುಡುಗರಿಗೆ ಕಾಲೇಜುಗಳಲ್ಲಿ ಬರ ಇಲ್ಲ. ಕ್ವಾರ್ಟರ್‌ಬ್ಯಾಕ್ ಕೆಡೋವಾಗ ಮೊದಲು ಕೆಡೋದು ಕಾಲು, ಆಮೇಲೆ ಕಣ್ಣು, ಕೊನೆಗೆ ಕೈ. ಚೆಂಡು ಹಿಂದಕ್ಕೆ ಕೊಡೋ ಸೆಂಟರ್ ಆಟಗಾರನ ಬೆನ್ನಿಗಂಟಿ ನಿಂತು ಚೆಂಡು ತಗೊಂಡರೆ ಹಿಂದಕ್ಕೆ ಮೂರು ಹೆಜ್ಜೆ, ಐದು ಹೆಜ್ಜೆ, ಇಲ್ಲ ಏಳು. ಶಾಟ್‌ಗನ್‌ನಲ್ಲಿ ಮೊದಲೇ ಐದು ಗಜ ಹಿಂದೆ ನಿಂತಿರ್ತಾನಲ್ಲ, ಅಲ್ಲಿ ಎರಡು ಹೆಜ್ಜೆ ಕಡಿಮೆ. ಒಂದೊಂದಕ್ಕೂ ಜೊತೆಯ ಓಟ ಗೊತ್ತುಮಾಡಿರ್ತಾರೆ. ಮೂರಕ್ಕೆ ಅಡ್ಡಡ್ಡ ಒಳಗೆ ನುಗ್ಗೋ ಸ್ಲ್ಯಾಂಟ್. ಐದಕ್ಕೆ ಹತ್ತು ಹನ್ನೆರಡು ಗಜ ಓಡಿ ಗಕ್ಕನೆ ತಿರುಗಿ ನಿಲ್ಲೋ ಕರ್ಲ್. ಏಳಕ್ಕೆ ಗೋಲ್‌ಪೋಸ್ಟ್ ಕಡೆ ಮುರಿಯೋ ಉದ್ದದ ಓಟ. ಕೊನೇ ಹೆಜ್ಜೆ ನೆಲಕ್ಕೆ ಊರಿದ ಗಳಿಗೆಗೇ ಮೊದಲನೆಯವನ ಕಡೆ ಚೆಂಡು ಹೊರಡಬೇಕು. ಅವನು ಖಾಲಿ ಇಲ್ಲವಾ, ಮುಂದಕ್ಕೊಂದು ಪುಟ್ಟ ಕುಪ್ಪಳಿಕೆ, ಕಣ್ಣು ಎರಡನೆಯವನ ಮೇಲೆ. ಇನ್ನೊಂದು ಕುಪ್ಪಳಿಕೆ, ಮೂರನೆಯವನು. ಅವನೂ ಇಲ್ಲದಿದ್ದರೆ ಹತ್ತಿರದಲ್ಲೇ ನಿಂತಿರೋ ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಮರ್ಯಾದೆ ಉಳಿಸ್ಕೋಬೇಕು. ಇಷ್ಟಕ್ಕೂ ಸೇರಿ ಸುಮಾರು ಎರಡೂವರೆ ಸೆಕೆಂಡು. ಯಕ್ಷಗಾನದಲ್ಲಿ ಚಂಡೆ ಪೆಟ್ಟು ಬಿಟ್ಟು ಕುಣಿದ ವೇಷಧಾರಿ ಹೇಗೆ ಕಾಣ್ತಾನೆ ಗೊತ್ತಲ್ಲ? ಹೆಜ್ಜೆ ತಪ್ಪಿದ ಕ್ವಾರ್ಟರ್‌ಬ್ಯಾಕ್ ಹಾಗೇ ಕಾಣ್ತಾನೆ. ಕುಣಿತವೇನೋ ಇದೆ, ತಾಳ ಇನ್ನೆಲ್ಲೋ.

ತಪ್ಪೋದು ಯಾಕೆ ಅಂದರೆ ಪೆಟ್ಟು ತಿಂದಿರ್ತಾನೆ. ನಾಲ್ಕು ಸಲ ನೆಲ ಕಚ್ಚಿದ ಹುಡುಗ ಐದನೇ ಸಲ ತನಗೇ ಗೊತ್ತಿಲ್ಲದೆ ಒಂದೆರಡು ಗಜ ಜಾಸ್ತಿ ಹಿಂದೆ ಹೋಗ್ತಾನೆ. ಅವನಿಗೆ ಅದು ಸುರಕ್ಷಿತ ಅನ್ನಿಸುತ್ತೆ. ಆದರೆ ಅಂಚಿನಲ್ಲಿ ಕಾವಲಿರೋ ಟ್ಯಾಕಲ್ ಆಟಗಾರ, ತನ್ನ ಕ್ವಾರ್ಟರ್‌ಬ್ಯಾಕ್ ಎಂಟೊಂಬತ್ತು ಗಜದಲ್ಲಿದಾನೆ ಅಂತ ಲೆಕ್ಕ ಹಾಕಿ ಎದುರಾಳಿಯನ್ನ ಹೊರಗಿಂದ ಸುತ್ತಿಸಿ ಕಳಿಸ್ತಿರ್ತಾನೆ. ಇವನು ಹನ್ನೊಂದು ಗಜಕ್ಕೆ ಜಾರಿದರೆ ಆ ಸುತ್ತುದಾರಿ ನೆಟ್ಟಗೆ ಇವನ ಬೆನ್ನಿಗೇ ಬಂದು ಸೇರುತ್ತೆ. ಟಿವಿಯಲ್ಲಿ ಬೈಸಿಕೊಳ್ಳೋದು ಟ್ಯಾಕಲ್, ತಪ್ಪು ಮಾಡಿದ್ದು ಕ್ವಾರ್ಟರ್‌ಬ್ಯಾಕಿನ ಹಿಮ್ಮಡಿ. ಮುಂದಿನ ಹಂತದಲ್ಲಿ ಹಿಂಗಾಲ ಮೇಲೆ ಭಾರ ಬಿಟ್ಟು ಎಸೀತಾನೆ. ಸೊಂಟ ತಿರುಗಲ್ಲ, ಬರೀ ತೋಳಿನ ಎಸೆತ. ಚೆಂಡು ತನ್ನವನ ತಲೆ ಮೇಲೆ ತೇಲಿ ಹಿಂದೆ ಕಾಯ್ತಿದ್ದ ಎದುರಾಳಿಯ ಕಡೇ ಕಾವಲುಗಾರ ಸೇಫ್ಟಿಯ ಮಡಿಲಿಗೆ ಬೀಳುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣು ಇಳಿಯೋದು. ದೂರದ ಓಟಗಾರರನ್ನ ನೋಡಬೇಕಾದ ಕಣ್ಣು ಮೇಲೆ ಬೀಳಲು ಬರ್ತಿರೋರನ್ನ ನೋಡೋಕೆ ಶುರು ಮಾಡಿತು ಅಂದರೆ ಮೈದಾನ ಮಾಯ. ಕಾಲನ್ನ ಒಂದು ಬೇಸಿಗೆಯಲ್ಲಿ ತಿದ್ದಬಹುದು. ಇಳಿದ ಕಣ್ಣನ್ನ ಎತ್ತಿಸೋದಕ್ಕೆ ಹೆಸರಾಂತ ಕೋಚ್‌ಗಳೂ ಸೋತಿದಾರೆ.

ಚೆಂಡು ಕೈಗೆ ಬರೋ ಮೊದಲಿನ ಕೆಲಸ ಬೇರೆ ಇದೆ. ಒಂದು ಆಟ ಮುಗಿದು ಇನ್ನೊಂದಕ್ಕೆ 40 ಸೆಕೆಂಡು. ಹೆಲ್ಮೆಟ್ಟಿನೊಳಗೆ ಕೋಚ್ ಮಾತಾಡೋ ರೇಡಿಯೋ 15 ಸೆಕೆಂಡು ಉಳಿದಾಗ ಬಂದ್. ಅಲ್ಲಿಂದ ಮುಂದೆ ಹುಡುಗ ಒಬ್ಬನೇ. ಹಿಂದೆ ಸೇಫ್ಟಿ ಒಬ್ಬನಾ ಇಬ್ಬರಾ? ಒಬ್ಬನಾದರೆ ನಡು ಮುಚ್ಚಿದೆ, ಇಬ್ಬರಾದರೆ ನಡು ತೆರೆದಿದೆ. ತನ್ನ ಓಟಗಾರನೊಬ್ಬನನ್ನ ಈ ಕಡೆಯಿಂದ ಆ ಕಡೆಗೆ ನಡೆಸಿ ನೋಡ್ತಾನೆ. ಎದುರಾಳಿಯೊಬ್ಬ ಬಾಲದ ಹಾಗೆ ಹಿಂದೆಯೇ ಬಂದರೆ ಅದು ಬಹುಪಾಲು ಆಳಿಗೊಬ್ಬ ಆಳು. ಬರದಿದ್ದರೆ ಜಾಗ ಕಾಯೋ ವ್ಯವಸ್ಥೆ. ತಡೆಯೋಕೆ ಐದು ಜನ ಇದ್ದು ಆರು ಜನ ನುಗ್ಗಿದರೆ, ಆ ಆರನೆಯವನ ಹೊಣೆ ಯಾರದ್ದೂ ಅಲ್ಲ, ಕ್ವಾರ್ಟರ್‌ಬ್ಯಾಕಿನದ್ದೇ. ಅವನು ಬಂದು ಮುಟ್ಟೋದರೊಳಗೆ ಚೆಂಡು ಕೈ ಬಿಟ್ಟಿರಬೇಕು. ಇಷ್ಟೆಲ್ಲ ಓದಿ ಮುಗಿಸಿದ ಮೇಲೆ, ಚೆಂಡು ಕದಲಿದ ಕ್ಷಣಕ್ಕೆ ಸೇಫ್ಟಿಗಳಿಬ್ಬರೂ ಜಾಗ ಬದಲಿಸಿ ಇವನು ಓದಿದ್ದೆಲ್ಲ ಸುಳ್ಳು ಮಾಡ್ತಾರೆ.

ಕೂರಿಸಿ ಕಲಿಸಬೇಕಾ, ಆಡಿಸಿ ಕಲಿಸಬೇಕಾ ಅನ್ನೋ ನಮ್ಮ ಹಳೇ ಜಗಳಕ್ಕೆ ನನ್ನ ತೀರ್ಪು: ಎರಡೂ ಅಲ್ಲ. ಕ್ಯಾನ್ಸಸ್ ಸಿಟಿಯ ಮಹೋಮ್ಸ್ 2017ರಲ್ಲಿ ಕೊನೇ ಪಂದ್ಯ ಒಂದು ಬಿಟ್ಟು ವರ್ಷಪೂರ್ತಿ ಅಲೆಕ್ಸ್ ಸ್ಮಿತ್ ಹಿಂದೆ ಕೂತ, ಮುಂದಿನ ವರ್ಷ 50 ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸಿ ಅಂಕ ತರೋದು) ಎಸೆದ. ಗ್ರೀನ್ ಬೇಯಲ್ಲಿ ರಾಜರ್ಸ್ ಮೂರು ವರ್ಷ ಕೂತ. ಆಮೇಲೆ ಅದೇ ರಾಜರ್ಸ್ ಹಿಂದೆ ಜೋರ್ಡನ್ ಲವ್ ಮೂರು ವರ್ಷ ಕೂತ. ಆದರೆ ಬಫಲೋದ ಜಾಶ್ ಆಲನ್ ಕೂರಲೇ ಇಲ್ಲವಲ್ಲ. 2018ರಲ್ಲಿ ಅವನ ನೂರು ಎಸೆತದಲ್ಲಿ ಗುರಿ ಸೇರ್ತಿದ್ದದ್ದು 52.8. ಮರುವರ್ಷ 58.8. ಅದರ ಮರುವರ್ಷ 69.2. ಆ ಮೂರೂ ವರ್ಷ ಆಟ ಹೇಳಿಕೊಟ್ಟವನು ಒಬ್ಬನೇ, ಬ್ರಯಾನ್ ಡೇಬಲ್. ಬೇಸಿಗೆಯಲ್ಲಿ ಬೇರೆಯಾಗಿ ಕೂತು ಸೊಂಟ ಮೊದಲು, ಭುಜ ಆಮೇಲೆ, ತೋಳು ಕೊನೆಗೆ ಅನ್ನೋ ಕ್ರಮ ತಿದ್ದಿಸಿಕೊಂಡ. ಮೂರನೇ ವರ್ಷ ಸ್ಟೆಫಾನ್ ಡಿಗ್ಸ್‌ನಂಥ ಓಟಗಾರನನ್ನ ತಂದುಕೊಟ್ಟರು. ಇದಕ್ಕೆ ತದ್ವಿರುದ್ಧ ಡೇವಿಡ್ ಕಾರ್. 2002ರ ಡ್ರಾಫ್ಟಿನ (ಕಾಲೇಜು ಹುಡುಗರನ್ನ ತಂಡಗಳು ಸರದಿಯಲ್ಲಿ ಆರಿಸ್ಕೊಳ್ಳೋದು) ಮೊದಲ ಆಯ್ಕೆ, ಮೊದಲ ವರ್ಷವೇ 76 ಸಲ ನೆಲಕ್ಕೆ ಕೆಡವಿಸಿಕೊಂಡ. ಅಂಥವನಿಗೆ ಪಾಠ ಏನು ಮಾಡ್ತೀಯ, ಪಟ್ಟಿ ಕಟ್ಟಬೇಕು ಅಷ್ಟೆ.

ಇನ್ನು ಡಿಸೆಂಬರ್. ನನಗೆ ಆ ತಿಂಗಳು ಜ್ವರ ಬರುತ್ತೆ ಅಂತ ನೀನು ಆಡ್ಕೊಳ್ಳೋದು ಸರಿಯೇ. ಅಲ್ಲಿ ಮಧ್ಯಾಹ್ನ ಒಂದಕ್ಕೆ ಶುರುವಾಗೋದು ನಮಗೆ ರಾತ್ರಿ ಹನ್ನೊಂದೂವರೆಗೆ, ನಾಲ್ಕೂ ಇಪ್ಪತ್ತೈದರದ್ದು ಬೆಳಗಿನ ಜಾವ ಮೂರಕ್ಕೆ ಐದು ನಿಮಿಷ ಇದ್ದಾಗ. ಆದರೆ ಹುಡುಗ ಕಲಿತಿದಾನಾ ಇಲ್ಲವಾ ಅಂತ ತಿಳಿಯೋದು ಆಗಲೇ. ಸೆಪ್ಟೆಂಬರಿನಲ್ಲಿ ಯಾರು ಬೇಕಾದರೂ ಚೆನ್ನಾಗಿ ಆಡಬಹುದು, ಎದುರಾಳಿಗೆ ಇವನ ಹುಳುಕು ಗೊತ್ತಿರಲ್ಲ. ಡಿಸೆಂಬರ್ ಹೊತ್ತಿಗೆ ಹನ್ನೆರಡು ಹದಿಮೂರು ಪಂದ್ಯದ ವಿಡಿಯೋ ಎಲ್ಲರ ಹತ್ತಿರ ಇರುತ್ತೆ. ಇವನು ಎಡಕ್ಕೆ ಓಡುವಾಗ ಎಸೆಯೋಕೆ ಹೆದರ್ತಾನೆ ಅನ್ನೋದು ನೀರು ಕೊಡೋ ಹುಡುಗನಿಗೂ ಗೊತ್ತು. ಚಳಿಗೆ ಚೆಂಡಿನ ಚರ್ಮ ಬಿರುಸಾಗಿ ಹಿಡಿತ ಜಾರುತ್ತೆ. ಗಾಳಿಗೆ ಚೆಂಡಿನ ಮೂತಿ ಮೇಲಾದರೆ ಎಸೆತ ಕೆಟ್ಟಿತು. ಇಡೀ ಸೀಸನ್ನಿಗೆ ಪೂರ್ತಿ ಪ್ಯಾಡ್ ಕಟ್ಟಿ ಅಭ್ಯಾಸ ಮಾಡೋಕೆ ಬಿಡೋದೇ 14 ದಿನ. ಅಷ್ಟರಲ್ಲಿ ಹೊಸದೇನು ಕಲೀತಾನೆ, ಕಲಿತದ್ದು ಉಳಿದಿದೆಯಾ ಅನ್ನೋದಷ್ಟೇ ಪ್ರಶ್ನೆ.

ಅದರ ಮೇಲೆ ಪ್ಲೇಆಫ್ ಲೆಕ್ಕ. 32 ತಂಡ, 17 ಪಂದ್ಯ, ಒಳಗೆ ಹೋಗೋರು 14. 2017ರ ಡಿಸೆಂಬರ್ 31 ನೆನಪಿದೆಯಾ? ಆಗ ಹದಿನಾರೇ ಪಂದ್ಯ, ಹನ್ನೆರಡೇ ಜಾಗ. ಬಫಲೋದವರು ಮಯಾಮಿಯಲ್ಲಿ ತಮ್ಮ ಪಂದ್ಯ ಗೆದ್ದು, ಡ್ರೆಸ್ಸಿಂಗ್ ರೂಮಿನ ಟಿವಿ ಮುಂದೆ ನಿಂತಿದಾರೆ. ಅತ್ತ ಬಾಲ್ಟಿಮೋರಿನಲ್ಲಿ, ಕಳ್ಕೊಳ್ಳೋಕೆ ಏನೂ ಇಲ್ಲದ ಸಿನ್ಸಿನಾಟಿಯ ಆಂಡಿ ಡಾಲ್ಟನ್ ನಾಲ್ಕನೇ, ಅಂದರೆ ಕೊನೇ ಯತ್ನದಲ್ಲಿ, ಹನ್ನೆರಡು ಗಜ ಬೇಕಿದ್ದಾಗ, 49 ಗಜದ ಟಚ್‌ಡೌನ್ ಎಸೆದ. ಉಳಿದದ್ದು 44 ಸೆಕೆಂಡು. ಬಾಲ್ಟಿಮೋರ್ ಸೋತು ಆ ಜಾಗ ಬಫಲೋಗೆ ಸಿಕ್ಕಿತು, ಅವರ 17 ವರ್ಷದ ಪ್ಲೇಆಫ್ ಬರ ಮುಗೀತು. ಅಲ್ಲಿನ ಅಭಿಮಾನಿಗಳು ಡಾಲ್ಟನ್ ನಡೆಸೋ ಮಕ್ಕಳ ದತ್ತಿಗೆ ಹದಿನೇಳು ಹದಿನೇಳು ಡಾಲರ್ ಕಳಿಸಿದರು. ಬೇರೆ ತಂಡದ ಆಟಗಾರನಿಗೆ! ಅಭಿಮಾನ ಅಂದರೆ ಇದು ಅಂತ ಆಗ ನಿನಗೆ ಉದ್ದುದ್ದ ಭಾಷಣ ಮಾಡಿದ್ದೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಪಟ್ಟಿಯ ಮೇಲ್ತುದಿಯಲ್ಲಿ ಡಿಸೆಂಬರ್ ಹಾಗಿದ್ದರೆ ತಳದಲ್ಲಿ ಇನ್ನೊಂದು ಥರ. ಕಡೇ ಸ್ಥಾನದಲ್ಲಿ ಉಳಿದವರಿಗೆ ಮುಂದಿನ ಡ್ರಾಫ್ಟಿನ ಮೊದಲ ಆಯ್ಕೆ. ನಮ್ಮ ಆರ್‌ಸಿಬಿಗೆ ಆ ಕಾಟ ಇರಲಿಲ್ಲ ನೋಡು. ಐಪಿಎಲ್‌ನಲ್ಲಿ ಹರಾಜು, ತಳ ಕಚ್ಚಿದ್ದಕ್ಕೆ ಬಹುಮಾನ ಇಲ್ಲ. 2025ರ ಜೂನ್ 3ರಂದು ಕಪ್ ಗೆಲ್ಲೋವರೆಗೆ ಹದಿನೇಳು ಸೀಸನ್ ಸೋತಾಗ ಅತ್ತೆವು, ಬೈದೆವು, ಆದರೆ ಸೋಲಲಿ ಅಂತ ಹರಕೆ ಹೊರಲಿಲ್ಲ. ಜೆಟ್ಸ್‌ಗೆ ನಾನು ಹೊತ್ತೆ.

2020ರ ಡಿಸೆಂಬರ್ 20. ನಮ್ಮವರು ಆಡಿದ ಹದಿಮೂರೂ ಸೋತಿದ್ದರು. ಕೊನೆಯ ಮೂರೂ ಸೋತರೆ ಮೊದಲ ಆಯ್ಕೆ ನಮ್ಮದು, ಹೆಸರಾಂತ ಕಾಲೇಜು ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ನಮ್ಮವನು. ಎದುರಿಗೆ ರ‍್ಯಾಮ್ಸ್, ಜನರಿಲ್ಲದ ಹೊಸ ಕ್ರೀಡಾಂಗಣ. ಇಲ್ಲಿ ಬೆಳಗಿನ ಜಾವ. 23-20ರಲ್ಲಿ ಮುಂದಿದ್ದಾಗ, ಕೊನೆಗೊಂದು ಮೂರನೇ ಯತ್ನ. ನಮ್ಮ ಕ್ವಾರ್ಟರ್‌ಬ್ಯಾಕ್, 14 ನಂಬರಿನ ಸ್ಯಾಮ್ ಡಾರ್ನಾಲ್ಡ್ ಹಿಂದೆ ಸರಿದ, ಹೆಜ್ಜೆ ಸರಿ ಇತ್ತು, ಕಣ್ಣು ಮೇಲಿತ್ತು. 37 ವರ್ಷದ ಫ್ರಾಂಕ್ ಗೋರ್ ಕಡೆ ಪುಟ್ಟದೊಂದು ಎಸೆತ. ನಾನು ಎರಡು ವರ್ಷದಿಂದ "ಅವನಿಗೆ ಟೈಮ್ ಕೊಡಿ" ಅಂತ ಕಂಡಕಂಡವರ ಹತ್ತಿರ ವಾದ ಮಾಡಿದ್ದ ಹುಡುಗ ಗುಂಡ, ಅವನು ಪಾಠದಲ್ಲಿ ಬರೆದಿಟ್ಟ ಹಾಗೆ ಎಸೆದ. ಆ ಚೆಂಡು ಗಾಳಿಯಲ್ಲಿದ್ದಾಗ ನಾನು ಬೇಡಿಕೊಂಡದ್ದು ಒಂದೇ: ಬೀಳಲಿ.

ಬೀಳಲಿಲ್ಲ. ಗೆದ್ದರು. ಮುಂದಿನ ವಾರವೂ ಗೆದ್ದರು. ಲಾರೆನ್ಸ್ ಜ್ಯಾಕ್ಸನ್‌ವಿಲ್ ಪಾಲಾದ, ನಮಗೆ ಎರಡನೇ ಆಯ್ಕೆಯಾಗಿ ಜ್ಯಾಕ್ ವಿಲ್ಸನ್ ಬಂದ. ಅವನ ಕತೆ ಇಲ್ಲಿ ಬೇಡ. 2021ರ ಏಪ್ರಿಲ್‌ನಲ್ಲಿ ಡಾರ್ನಾಲ್ಡ್‌ನನ್ನ ಕ್ಯಾರೊಲಿನಾಗೆ ಕಳಿಸಿದರು. ನಾನು ಸಮಾಧಾನದಿಂದ ಒಂದು ವಿಶ್ಲೇಷಣೆ ಬರೆದೆ. ಹಿಂಗಾಲು, ಇಳಿದ ಕಣ್ಣು, ಎಲ್ಲ ಇತ್ತು. 2019ರ ಅಕ್ಟೋಬರಿನ ಆ ಸೋಮವಾರವೂ ಇತ್ತು: ಪೇಟ್ರಿಯಟ್ಸ್ ಎದುರು 33-0, 32 ಎಸೆತಕ್ಕೆ 11 ಗುರಿ, 86 ಗಜ, ನಾಲ್ಕು ಇಂಟರ್ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ), ಮೈಗಂಟಿಸಿದ್ದ ಮೈಕಿನಲ್ಲಿ ಸಿಕ್ಕಿಬಿದ್ದ "ದೆವ್ವ ಕಾಣ್ತಿವೆ" ಅನ್ನೋ ಮಾತು. ಜಗತ್ತೇ ನಕ್ಕಿತು. ಆ ರಾತ್ರಿ ಅವನಿಗೆ ಕಂಡದ್ದೇನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಒಬ್ಬ ಸೇಫ್ಟಿಯನ್ನೂ ಉಳಿಸದೆ ಆರೇಳು ಜನ ಗೆರೆಗೆ ಬಂದು ನಿಲ್ತಾರೆ. ಚೆಂಡು ಕದಲಿದಾಗ ಅವರಲ್ಲಿ ಕೆಲವರು ಹಿಂದಕ್ಕೆ ಜಾರ್ತಾರೆ, ಉಳಿದವರು ನುಗ್ತಾರೆ. ಯಾರು ಯಾವುದು ಅಂತ ಹೇಳೋಕಾಗಲ್ಲ. ಅಂಥ ಹೊತ್ತಲ್ಲಿ ಕಾಣೋದಕ್ಕೆ ದೆವ್ವ ಅನ್ನದೆ ಇನ್ನೇನು ಅನ್ನಬೇಕು? ಎಲ್ಲ ಗೊತ್ತಿದ್ದೂ ನಾನು ಅದನ್ನ ಅವನ ದೋಷಪಟ್ಟಿಗೆ ಸೇರಿಸಿದೆ. ನನ್ನ ಜ್ಞಾನವೆಲ್ಲ ಅವನನ್ನ ಅರ್ಥ ಮಾಡ್ಕೊಳ್ಳೋಕೆ ಅಂದ್ಕೊಂಡಿದ್ದೆ. ಅವನನ್ನ ಕಳಿಸೋಕೆ ಕಾರಣ ಹುಡುಕೋದಕ್ಕೆ ಬಳಕೆಯಾಯ್ತು.

ಮುಂದಿನದು ನಿನಗೆ ಗೊತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವರ್ಷ ಬೆಂಚು. 2024ರಲ್ಲಿ ಮಿನೆಸೋಟಾದ ಹೊಸ ಹುಡುಗನ ಮಂಡಿ ಕೆಟ್ಟು ಇವನಿಗೆ ಜಾಗ ಸಿಕ್ಕಿತು, 14 ಗೆಲುವು, 35 ಟಚ್‌ಡೌನ್. ಆಮೇಲೆ ಕೊನೇ ವಾರ ಡೆಟ್ರಾಯಿಟ್ ಎದುರು 31-9, ಅದರ ಮುಂದಿನ ವಾರ ಪ್ಲೇಆಫಿನಲ್ಲಿ ರ‍್ಯಾಮ್ಸ್ ಎದುರು ಒಂಬತ್ತು ಸಲ ನೆಲಕ್ಕೆ. "ನೋಡಿದ್ಯಾ?" ಅಂತ ನಿನಗೆ ಮೆಸೇಜ್ ಹಾಕಿದ್ದು ನಾನೇ. ಅಳಿಸಬೇಡ, ಇರಲಿ. ಅದಾಗಿ ಒಂದು ವರ್ಷಕ್ಕೆ, 2026ರ ಫೆಬ್ರವರಿಯಲ್ಲಿ, ಸಿಯಾಟಲ್ ಪರವಾಗಿ ಅವನು ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ. 29-13. ಎದುರಿಗೆ ಅದೇ ಪೇಟ್ರಿಯಟ್ಸ್.

ಆ ಬೆಳಿಗ್ಗೆ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ಗೆಲ್ಲಿಸಿದ್ದು ಡಿಫೆನ್ಸು." ಅದು ಸುಳ್ಳೇನೂ ಅಲ್ಲ, ಅದೇ ಕಷ್ಟ. ನಿಜವನ್ನೇ ಹೇಳಿ ಇಷ್ಟು ಸಣ್ಣವನಾಗಬಹುದು ಅಂತ ಗೊತ್ತಿರಲಿಲ್ಲ. ನಾನು ಸೋಲು ಬಯಸಿದ್ದಕ್ಕೂ ಅವನ ಹಣೆಬರಹಕ್ಕೂ ಏನೂ ಸಂಬಂಧ ಇಲ್ಲ, ಶಿವಮೊಗ್ಗದಿಂದ ಬಿಟ್ಟ ಶಾಪ ಲಾಸ್ ಏಂಜಲೀಸ್ ಮುಟ್ಟಲ್ಲ. ಆದರೂ ಅವನು ಉದ್ಧಾರ ಆಗದೇ ಇದ್ದಿದ್ದರೆ ನನಗೆ ಹಾಯಾಗಿರ್ತಿತ್ತು ಅನ್ನಿಸ್ತಲ್ಲ, ಅದು ಫೆಬ್ರವರಿಯಿಂದ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿದೆ.

ಸಾಕು, ಇಷ್ಟು ಹೇಳಬೇಕು ಅಂತ ಕೂತಿರಲಿಲ್ಲ. ನಿಮ್ಮ ಮಿಕ್ಸಿದೇ ತಪ್ಪು. ನಿನ್ನ ಪ್ರಶ್ನೆಗೆ ಉತ್ತರ: ಜೆಟ್ಸ್‌ನವರಿಗೆ ಮೊದಲು ಐದು ಜನ ತಡೆಯೋರು, ನಾಲ್ಕು ವರ್ಷ ಬದಲಾಗದ ಒಬ್ಬ ಕೋಚ್, ಹುಡುಗ ಆಮೇಲೆ. ಈ ಮೂರನ್ನೂ ಅವರು ಉಲ್ಟಾ ಕ್ರಮದಲ್ಲೇ ತರ್ತಾರೆ, ನೀನೂ ನಾನೂ ಬೆಳಗಿನ ಜಾವದ ತನಕ ನೋಡ್ತೀವಿ. ಜೆಟ್ಸ್ ಒಂದೇ ಒಂದು ಸಲ ಸೂಪರ್ ಬೌಲ್ ಗೆದ್ದ 1969ರ ಜನವರಿಯಿಂದ ಕಾದವರಿಗೆ ಇನ್ನು ನಾಲ್ಕು ದಿನ ಹೆಚ್ಚಾ?

ಮತ್ತೆ, ನೀನು 2018ರಲ್ಲಿ ತಂದುಕೊಟ್ಟ 14 ನಂಬರಿನ ಜೆರ್ಸಿ ಇತ್ತಲ್ಲ, ಅದು ಐದು ವರ್ಷದಿಂದ ನನ್ನ ಸ್ಕೂಟರ್ ಒರೆಸ್ತಿತ್ತು. ಮೊನ್ನೆ ಎರಡು ಸಲ ಸರ್ಫಿನಲ್ಲಿ ನೆನೆಸಿ ತೊಳೆದೆ. ಗ್ರೀಸ್ ಕಲೆ ಒಂದು ಹೋಗಲಿಲ್ಲ. ಜೆಟ್ಸ್‌ದೂ ಹಸಿರು, ಸಿಯಾಟಲ್‌ದಲ್ಲೂ ಒಂಚೂರು ಹಸಿರಿದೆ, ನಂಬರೂ ಅದೇ. ದೂರದಿಂದ ನೋಡಿದರೆ ನಾನು ಮೊದಲಿಂದ ಅವನ ಕಡೆಯವನೇ ಅನ್ನಿಸಬಹುದು. ಫೋಟೋ ಕಳಿಸ್ತೀನಿ, ಜೂಮ್ ಮಾಡಬೇಡ.

ನಿನ್ನ,
ಕೊಡೆ ಕಳೆದವನಲ್ಲ